ಶಿವನಸಮುದ್ರದ ಕರೆಂಟು, ಕೋಲಾರದ ಆಳ

ಇವತ್ತು ರಾಜಕೀಯ ಬೇಡ. ಕಣ್ಣಿಗೇ ಕಾಣದ ಒಂದು ವಸ್ತುವಿನ ಬಗ್ಗೆ ಮಾತಾಡೋಣ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ಸ್ವಲ್ಪ ಗಮನ ಕೊಟ್ಟು ಕೇಳಿ. ಈ ಕಥೆಯಲ್ಲಿ ನಿಮ್ಮ ಪಾಲೂ ಇದೆ.

ಮಂಡ್ಯದ ಮೈಷುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಅದೇ ವರ್ಷ ಫ್ರಿಟ್ಜ್ ಜ್ವಿಕಿ ಎಂಬ ವಿಜ್ಞಾನಿ ದೂರದ ಗ್ಯಾಲಕ್ಸಿಗಳ ಓಟ ನೋಡಿ ಒಂದು ಲೆಕ್ಕ ಹಾಕಿದರು. ಕಾಣುವ ನಕ್ಷತ್ರಗಳ ತೂಕ ಸಾಲದು, ಅವನ್ನು ಹಿಡಿದಿಟ್ಟಿರುವ ಇನ್ನೇನೋ ಇದೆ ಎಂದರು. ಅದೇ ಡಾರ್ಕ್ ಮ್ಯಾಟರ್. ವಿಶ್ವದ ಒಟ್ಟು ದ್ರವ್ಯದಲ್ಲಿ ಸುಮಾರು ಶೇ. 85ರಷ್ಟು ಇದೇ ಎನ್ನುತ್ತದೆ ವಿಜ್ಞಾನ. ಆದರೆ ಅದರ ಒಂದು ಕಣವೂ ಇನ್ನೂ ಕೈಗೆ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ? ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಸಾಸಿವೆ ಕಾಳು ಇಟ್ಟರೆ ಗೊತ್ತಾಗುತ್ತಾ? ಆ ಕಣ ಬಹಳ ಹಗುರವಾಗಿದ್ದರೆ, ಪರಮಾಣುವಿನ ನ್ಯೂಕ್ಲಿಯಸ್‌ಗೆ ಗುದ್ದಿದರೂ ಅದು ಜಗ್ಗುವುದಿಲ್ಲ. ಒಂದು ಎಲೆಕ್ಟ್ರಾನ್ ಅನ್ನು ಮಾತ್ರ ಕದಲಿಸಬಹುದು. ಅದಕ್ಕೇ ಸಿಲಿಕಾನ್ ಬೇಕು. ಸೆನ್ಸೈ ಎಂಬ ಪ್ರಯೋಗದಲ್ಲಿ ಕ್ಯಾಮೆರಾ ಚಿಪ್ಪಿನ ಜಾತಿಯದೇ ಸಿಲಿಕಾನ್ ಚಿಪ್ ಇದೆ. ಅಕ್ಕಸಾಲಿಗ ಒಂದೇ ಗುಲಗಂಜಿ ಚಿನ್ನವನ್ನು ಮತ್ತೆ ಮತ್ತೆ ತೂಗಿದ ಹಾಗೆ, ಅದು ಒಂದೊಂದು ಬಿಂದುವಿನ ವಿದ್ಯುದಂಶವನ್ನು ನೂರಾರು ಸಲ ಅಳೆದು, ಒಂದೇ ಎಲೆಕ್ಟ್ರಾನನ್ನೂ ಎಣಿಸುತ್ತದೆ.

ಆದರೆ ಸಂತೆಯಲ್ಲಿ ಪಿಸುಮಾತು ಕೇಳಿಸುತ್ತಾ? ಆಕಾಶದಿಂದ ಕಾಸ್ಮಿಕ್ ಕಿರಣಗಳ ಮಳೆ ಸುರೀತಾನೇ ಇರುತ್ತೆ. ಅದನ್ನು ತಡೆಯೋಕೆ ತಲೆ ಮೇಲೆ ಬಂಡೆ ಬೇಕು. ಹಾಗಾಗಿ ಆ ಚಿಪ್ಪುಗಳು ಕೆನಡಾದ ಸಡ್ಬರಿಯಲ್ಲಿ, ನಿಕ್ಕಲ್ ಗಣಿಯ ಒಳಗೆ, 2 ಕಿಲೋಮೀಟರ್ ಆಳದಲ್ಲಿ ಕೂತಿವೆ.

ಆಳ ನಮ್ಮ ಹತ್ರ ಇರಲಿಲ್ವಾ ಸ್ವಾಮಿ? ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳವಿತ್ತು. ಅದಕ್ಕೆ 1902ರಲ್ಲಿ ಕರೆಂಟು ಕೊಟ್ಟಿದ್ದು ಯಾರು? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಅದೇ ಗಣಿಯೊಳಗೆ ನಂಜನಗೂಡು ಸೀಮೆಯ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲೇ ಕಾಸ್ಮಿಕ್ ಕಿರಣ ಅಳೆದರು. 1965ರಲ್ಲಿ ಟಿಐಎಫ್ಆರ್ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನವರ ಜೊತೆ ಸೇರಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತು ಕೋಲಾರದ ಕಡೆ ತಿರುಗಿ ನೋಡಿತು.

ಆಮೇಲೆ? 2001ರಲ್ಲಿ ಗಣಿಗೆ ಬೀಗ. ಸುರಂಗಗಳಿಗೆ ನೀರು ತುಂಬಿತು. ಕಾರ್ಮಿಕರು ಬೀದಿಗೆ ಬಂದರು. ಚಿನ್ನ ತೆಗೆಯೋದು ನಷ್ಟ ಅಂದರು, ಒಪ್ಪೋಣ. ಆದರೆ ಆ ಲೆಕ್ಕದಲ್ಲಿ ಚಿನ್ನಕ್ಕೆ ಬೆಲೆ ಇತ್ತು, ಆಳಕ್ಕೆ ಇರಲಿಲ್ಲ. ಇವತ್ತು ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ ನಮ್ಮದೊಂದು ಪ್ರಯೋಗಾಲಯ ಇದೆ, ಸಂತೋಷ. ಆಳ 555 ಮೀಟರ್. ಇನ್ನೂ ಆಳ ಬೇಕೆಂದರೆ ಪರದೇಶದ ಗಣಿಯೇ ಗತಿ.

'ಇದ್ರಿಂದ ನಮ್ಗೇನ್ ಬತ್ತದಣ್ಣ?' ಅಂತ ಮದ್ದೂರಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಳೆಯೇ ಲಾಭ ಬರುತ್ತೆ ಅಂತ ನಾನು ಹೇಳಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗಲೂ ಅದರ ಉಪಯೋಗ ಯಾರಿಗೂ ಗೊತ್ತಿರಲಿಲ್ಲ. ಈಗ ನೀವು ನನ್ನ ಮಾತು ಕೇಳ್ತಿರೋ ಟಿವಿ ನಡೀತಿರೋದೇ ಅದರಿಂದ.

ಮುಂದೆ ಇಂಥ ಇನ್ನೊಂದು ಗಣಿಗೆ ಬೀಗ ಹಾಕುವ ದಿನ ಬಂದರೆ, ಒಳಗೆ ಎಷ್ಟು ಚಿನ್ನ ಉಳಿದಿದೆ ಅಂತ ಮಾತ್ರ ಕೇಳಬೇಡಿ. ಎಷ್ಟು ಆಳ ಇದೆ ಅಂತಲೂ ಕೇಳಿ.