ಯಾವ ಮಾತ್ರೆ, ಯಾಕೆ ಸಾರ್?



ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನಮ್ಮ ಕೂಲಿಕಾರನೊಬ್ಬ ಕಾಲು ಮುರಿದುಕೊಂಡು ಜನರಲ್ ವಾರ್ಡಿಗೆ ಸೇರಿದ ಅಂದುಕೊಳ್ಳಿ. ದಿನಾ ಕುಡಿಯುತ್ತಿದ್ದವನಿಗೆ ಕುಡಿತ ನಿಂತು ಎರಡು ಮೂರು ದಿನ. ಕೈ ನಡುಗುತ್ತೆ, ಇಲ್ಲದ್ದೆಲ್ಲ ಕಾಣುತ್ತೆ, ಮಂಚದಿಂದೆದ್ದು ಓಡ್ತಾನೆ. ಪಕ್ಕದವರು ಹುಚ್ಚು ಅಂತಾರೆ, ಮನೆಯವರು ಗಾಳಿ ಅಂತಾರೆ. ಎರಡೂ ಸುಳ್ಳು. ಮದ್ಯ ದಿಢೀರನೆ ನಿಂತಾಗ ಮಿದುಳು ಕೆರಳುವ ಕಾಯಿಲೆ ಅದು. ಹಾಗೇ ಬಿಟ್ಟರೆ ಪ್ರಾಣ ಹೋಗಬಹುದು. ಡಯಾಜೆಪಾಮ್‌ನಂಥ ಔಷಧಿ, ಥಯಾಮಿನ್ ಕೊಡಲೇಬೇಕು.

ಆದರೆ ಏನು, ಯಾಕೆ, ಎಷ್ಟು ದಿನ ಅಂತ ಹೇಳಿ ಕೊಡಬೇಕು. ಹೇಳದಿದ್ದರೆ ನಮ್ಮವನು ಊರಿಗೆ ಬಂದ ಮೇಲೂ ಅದೇ ಚೀಟಿ ಹಿಡಿದು ತಿಂಗಳುಗಟ್ಟಲೆ ನುಂಗ್ತಾನೆ. ಹೆಂಡದ ಜಾಗದಲ್ಲಿ ಮಾತ್ರೆ ಕೂರುತ್ತೆ.

2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಕುಡಿತದಿಂದಾಗುವ ಮನಸ್ಸಿನ ತೊಂದರೆಯೂ ಸೇರಿದೆ. ಜಾತಿ ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅನ್ನುತ್ತೆ 18ನೇ ಕಲಮು. ಕಾಯಿಲೆ, ಚಿಕಿತ್ಸೆ, ಅಡ್ಡಪರಿಣಾಮ ಎಲ್ಲವನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅನ್ನುತ್ತೆ 22ನೇ ಕಲಮು.

ಹಾಗಾಗಿ ವಾರ್ಡು ಬಿಡುವ ಮೊದಲು ಕೇಳಿ: "ಇದು ಯಾವ ಮಾತ್ರೆ ಸಾರ್? ಯಾವಾಗ, ಹೇಗೆ ನಿಲ್ಲಿಸಬೇಕು?" ನಾವಾಗೇ ನಿಲ್ಲಿಸೋದೂ ಬೇಡ. ಓದು ಬಂದ ಹುಡುಗ ಹುಡುಗಿಯರು ಜೊತೆಗೆ ನಿಂತು ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.