ಜೈಲಿಗೆ ತಲುಪಿದ ಪತ್ರಗಳು, ಪುಸ್ತಕಗಳು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)



ಇಂದು ನಾವು ಅಮೆರಿಕದ ಒಬ್ಬ ಕೈದಿಯನ್ನು ನೆನಪಿಸಿಕೊಳ್ಳಲು ಬಯಸುತ್ತೇವೆ. ಜಗತ್ತು ಅವರನ್ನು ಮಾಲ್ಕಮ್ ಎಕ್ಸ್ ಎಂದು ಕರೆಯಿತು. ಶಾಲೆಯಲ್ಲಿ ಚುರುಕಾಗಿದ್ದ ಈ ಕಪ್ಪು ಹುಡುಗ ವಕೀಲನಾಗುವ ಆಸೆ ಹೇಳಿಕೊಂಡಾಗ, ಬಡಗಿಯಾಗುವ ಯೋಚನೆ ಮಾಡು ಎಂದರು ಶಿಕ್ಷಕರೊಬ್ಬರು. ಎಂಟನೇ ತರಗತಿಗೇ ಓದು ನಿಂತಿತು. ಬಳಿಕ ಜೂಜು, ಮಾದಕ ವಸ್ತು, ಕಳ್ಳತನ. 1946ರಲ್ಲಿ, 20ರ ಹರೆಯದಲ್ಲಿ, ಮನೆಗಳ್ಳತನಕ್ಕಾಗಿ 8ರಿಂದ 10 ವರ್ಷಗಳ ಶಿಕ್ಷೆಯಾಯಿತು. ಧರ್ಮವನ್ನು ಹೀಯಾಳಿಸುತ್ತಿದ್ದ ಅವರಿಗೆ ಸಹಕೈದಿಗಳು ‘ಸೈತಾನ’ ಎಂದೇ ಹೆಸರಿಟ್ಟರು.

ಆದರೆ ಒಡಹುಟ್ಟಿದವರು ಕೈಬಿಡಲಿಲ್ಲ. ಪತ್ರ ಬರೆದರು, ಭೇಟಿಗೆ ಬಂದರು, ಧರ್ಮದ ವಿಚಾರ ತಿಳಿಸಿದರು. ಪ್ರಾರ್ಥನೆಗೆ ಮಂಡಿಯೂರಲು ಅವರಿಗೆ ಒಂದು ವಾರವೇ ಹಿಡಿಯಿತು. ಅಕ್ಕ ಎಲ್ಲಾ ಅವರ ಪ್ರಯತ್ನದಿಂದ 1948ರಲ್ಲಿ ನಾರ್ಫೋಕ್ ಜೈಲಿಗೆ ವರ್ಗವಾಯಿತು. ಅಲ್ಲಿ ಪಾರ್ಕ್‌ಹರ್ಸ್ಟ್ ಎಂಬ ಶ್ರೀಮಂತರು ದಾನವಿತ್ತ ಪುಸ್ತಕಗಳ ದೊಡ್ಡ ಗ್ರಂಥಾಲಯವಿತ್ತು. ನೆಟ್ಟಗೆ ಪತ್ರ ಬರೆಯಲು ಬಾರದ ಮಾಲ್ಕಮ್ ನಿಘಂಟನ್ನು ಮೊದಲ ಪುಟದಿಂದ ನಕಲು ಮಾಡುತ್ತಾ ಪದಗಳನ್ನು ಕಲಿತರು. ರಾತ್ರಿ ದೀಪ ಆರಿಸಿದ ಮೇಲೂ ಹೊರಗಿನ ಬೆಳಕಿನಲ್ಲಿ ಓದಿದರು.

1952ರಲ್ಲಿ ಬಿಡುಗಡೆಯಾದರು. ಅವರು ಮೊದಲು ಸೇರಿದ ‘ನೇಷನ್ ಆಫ್ ಇಸ್ಲಾಮ್’ ಬಿಳಿಯರನ್ನೆಲ್ಲ ಶತ್ರುಗಳೆಂದು ಕಾಣುತ್ತಿತ್ತು. 1964ರ ಹಜ್ಜ್‌ನಲ್ಲಿ ಎಲ್ಲ ಬಣ್ಣದವರ ಜತೆ ಉಂಡು, ನಮಾಝ್ ಮಾಡಿದ ಬಳಿಕ ಆ ನಿಲುವನ್ನು ಬಿಟ್ಟರು. 1965ರ ಫೆಬ್ರವರಿಯಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 39 ವರ್ಷ.

ಮಾಡಿದ ತಪ್ಪಿಗೆ ಅವರು ಶಿಕ್ಷೆ ಅನುಭವಿಸಿದರು. ಬದಲಾಗುವ ಮನಸ್ಸನ್ನೂ ಅವರೇ ಮಾಡಿದರು. ಆದರೆ ಅದಕ್ಕೆ ದಾರಿಯಾದ ಪತ್ರ, ಪುಸ್ತಕಗಳನ್ನು ಜೈಲಿನ ಒಳಗೆ ತಲುಪಿಸಿದವರು ಹೊರಗಿದ್ದವರು.

ನಮ್ಮ ಊರುಗಳಲ್ಲೂ ತಂದೆ ಜೈಲು ಸೇರಿದ ಮನೆಗಳಿವೆ. ನಾಚಿಕೆಯಿಂದ ಆ ತಾಯಂದಿರು ವಿದ್ಯಾರ್ಥಿವೇತನದ ಅರ್ಜಿಯನ್ನೇ ಕೇಳುವುದಿಲ್ಲ. ಅಂಥ ಮನೆಗೆ ನಮ್ಮ ಹಣ ಏಕೆ ಎಂದು ಕೇಳುವವರೂ ಇದ್ದಾರೆ. ತಂದೆಯ ಪಾಪಕ್ಕೆ ಮಗು ಹೊಣೆಯಲ್ಲ ಎಂಬುದೇ ನಮ್ಮ ಧರ್ಮದ ನಿಲುವು. ಎಂಟನೇ ತರಗತಿಯಲ್ಲಿ ಶಾಲೆ ಬಿಡುವ ಹುಡುಗನನ್ನು ಒಂದು ವರ್ಷದ ಶುಲ್ಕ ಕೊಟ್ಟು ತಡೆಯುವುದು ಸುಲಭ. ಮುಂದೆ ಅವನನ್ನು ಜೈಲಿನಿಂದ ಮರಳಿ ತರುವುದು ಬಹಳ ಕಷ್ಟ.

ಆದ್ದರಿಂದ ಈ ಕುಟುಂಬಗಳ ಮಕ್ಕಳೂ ಸಂಕೋಚವಿಲ್ಲದೆ ಅರ್ಜಿ ಸಲ್ಲಿಸಬೇಕು. ಮನೆಯ ವಿಚಾರ ಸಮಿತಿಯಿಂದ ಹೊರಗೆ ಹೋಗದಂತೆ ನಾವು ನೋಡಿಕೊಳ್ಳುತ್ತೇವೆ. ದಾನಿಗಳು ಈ ಮಕ್ಕಳನ್ನೂ ತಮ್ಮ ಮಕ್ಕಳೆಂದೇ ಕಾಣಬೇಕೆಂದು ವಿನಂತಿಸುತ್ತೇವೆ. ಅಲ್ಲಾಹನು ತಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.