ಕಾಲಾಡಿಸದೆ ಮುಳುಗುವ ಮೊಸಳೆ

ನಾನು ಚೆನ್ನೈನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವನು, ಹಾಗಾಗಿ ಏನೇ ಅಲುಗಿದರೂ ಅದನ್ನ ಅಲುಗಿಸ್ತಿರೋದು ಯಾವುದು ಅಂತ ಹುಡುಕೋ ಚಟ. ಇವತ್ತಿನ ವಿಷಯ ಅಲಿಗೇಟರ್. ಅಮೆರಿಕದ ಫ್ಲೋರಿಡಾ, ಲೂಸಿಯಾನಾ ಕಡೆಯ ಜೌಗು ನೀರಲ್ಲಿ ಬದುಕೋ ಮೊಸಳೆ ಜಾತಿ.

ಈಜುವಾಗ ಅದು ಕಾಲುಗಳನ್ನ ಮೈಗೆ ಒತ್ತಿಕೊಂಡು, ಬಾಲವನ್ನ ಎಡಕ್ಕೂ ಬಲಕ್ಕೂ ಬೀಸುತ್ತೆ. ಇದು ಎಲ್ಲರಿಗೂ ಕಾಣುತ್ತೆ. ಆದರೆ ಎಷ್ಟೋ ಸಲ ತೇಲ್ತಾ ಇದ್ದ ಅಲಿಗೇಟರ್ ಬಾಲ, ಕಾಲು ಯಾವುದನ್ನೂ ಆಡಿಸದೆ ಸುಮ್ಮನೆ ಕೆಳಗೆ ಹೋಗಿಬಿಡುತ್ತೆ. ಇದು ಹೇಗೆ?

ಗುಟ್ಟು ಇರೋದು ಶ್ವಾಸಕೋಶದಲ್ಲಿ. ಅಲಿಗೇಟರ್‌ಗೆ ಯಕೃತ್ತಿನಿಂದ ಸೊಂಟದ ಮೂಳೆವರೆಗೆ ಒಂದು ಸ್ನಾಯು ಇದೆ. ಅದು ಎಳೆದಾಗ ಯಕೃತ್ತಿನ ಜೊತೆ ಶ್ವಾಸಕೋಶವೂ ಬಾಲದ ಕಡೆ ಸರಿಯುತ್ತೆ. ಶ್ವಾಸಕೋಶ ಅಂದರೆ ಮೈಯೊಳಗಿನ ಗಾಳಿಚೀಲ ತಾನೇ? ಗಾಳಿ ಹಿಂದೆ ಹೋದರೆ ಮುಂಭಾಗ ತಗ್ಗುತ್ತೆ, ಮೂತಿ ಕೆಳಗಾಗುತ್ತೆ. ಪಕ್ಕಕ್ಕೆ ಸರಿಸಿದರೆ ಮೈ ಉರುಳುತ್ತೆ. ಯೂಟಾ ವಿಶ್ವವಿದ್ಯಾಲಯದ ಯೂರಿಯೋನಾ ಮತ್ತು ಫಾರ್ಮರ್ 2008ರಲ್ಲಿ ಇದನ್ನ ಪ್ರಯೋಗ ಮಾಡಿ ತೋರಿಸಿದರು. ಬಾಲದ ಬುಡಕ್ಕೆ ಸೀಸದ ತೂಕ ಕಟ್ಟಿದಾಗ, ಮುಳುಗೋಕೆ ಆ ಸ್ನಾಯು ಹೆಚ್ಚು ದುಡಿಯಬೇಕಾಯ್ತು.

ಕಾಲು ಬಡಿಯದೆ ಮುಳುಗಿದರೆ ನೀರು ಕಲಕಲ್ಲ, ಬೇಟೆಗೆ ಸುಳಿವು ಸಿಗಲ್ಲ.

ಈಗ ಇನ್ನೊಂದು ಬದಿ ನೋಡಿ. ಅಲಿಗೇಟರ್‌ನ ದವಡೆ ಮೇಲೆ ಚಿಕ್ಕ ಚಿಕ್ಕ ಕಪ್ಪು ಗುಳ್ಳೆಗಳಿವೆ. ಅವು ಒತ್ತಡ ಗ್ರಹಿಸೋ ಸೆನ್ಸರ್‌ಗಳು ಅಂತ ಡಾಫ್ನಿ ಸೋರೆಸ್ 2002ರಲ್ಲಿ ತೋರಿಸಿದರು. ಪೂರ್ತಿ ಕತ್ತಲಲ್ಲಿ ಒಂದೇ ಒಂದು ಹನಿ ನೀರಿಗೆ ಬಿದ್ದರೂ, ಆ ಅಲೆ ತಾಗಿ ಪ್ರಾಣಿ ಅತ್ತ ತಿರುಗುತ್ತೆ. ನಮ್ಮ ಭಾಷೇಲಿ ಹೇಳೋದಾದರೆ ಟ್ರಾನ್ಸ್‌ಮಿಟ್ ಆಫ್, ರಿಸೀವ್ ಆನ್. ಅದು ಇರೋದು ನಮಗೆ ಗೊತ್ತಾಗಲ್ಲ, ನಾವು ಕಾಲಿಟ್ಟಿದ್ದು ಅದಕ್ಕೆ ಗೊತ್ತಾಗುತ್ತೆ.

ಇದನ್ನ ಇವತ್ತು ಹೇಳೋಕೆ ಕಾರಣ ಇದೆ. ರಜಕ್ಕೆ ಊರಿಗೆ ಹೋದಾಗ ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನ ಕರ್ಕೊಂಡು ದಾಂಡೇಲಿಗೆ ಹೋಗ್ತೀವಿ. ಅಲ್ಲಿನ ಕಾಳಿ ನದಿಯಲ್ಲಿರೋದು ಅಲಿಗೇಟರ್ ಅಲ್ಲ, ನಮ್ಮ ಮಗ್ಗರ್ ಮೊಸಳೆ. ಆದರೆ ಸದ್ದಿಲ್ಲದೆ ಹೊಂಚು ಹಾಕೋ ರೀತಿ ಅದೇ. ದವಡೆ ಮೇಲಿನ ಆ ಗುಳ್ಳೆಗಳು ಇದಕ್ಕೂ ಇವೆ. ಅಲ್ಲಿ ಜನರ ಮೇಲೆ ದಾಳಿಗಳೂ ಆಗಿವೆ. ದಡದಲ್ಲಿ ನಿಂತು "ನೀರು ಎಷ್ಟು ಶಾಂತವಾಗಿದೆ, ಇಳಿಯೋಣ" ಅಂತೀವಲ್ಲ, ಆ ಲೆಕ್ಕವೇ ತಪ್ಪು. ಶಾಂತ ನೀರು ಅಂದರೆ ಖಾಲಿ ನೀರು ಅಂತ ಅರ್ಥ ಅಲ್ಲ. ಅಲ್ಲಿನವರು ಬೇಡ ಅಂದರೆ ವಾದ ಮಾಡಬೇಡಿ. ಬೋರ್ಡ್ ಇರೋ ಕಡೆ ಸೆಲ್ಫಿಗೂ ಅಂಚಿಗೆ ಹೋಗಬೇಡಿ. ಸಂಜೆ ಆದ ಮೇಲಂತೂ ಮಗುವಿನ ಕೈ ಬಿಡಲೇಬೇಡಿ.

ಮೊಸಳೆ ನೋಡಲೇಬೇಕು ಅನ್ನೋ ಚೆನ್ನೈನವರಿಗೆ ಇಸಿಆರ್ ರಸ್ತೆಯಲ್ಲಿ 1976ರಿಂದ ಕ್ರೊಕೊಡೈಲ್ ಬ್ಯಾಂಕ್ ಇದೆ. ಗೋಡೆ ಈಚೆ ನಿಂತು, ಒಂದು ಮೊಸಳೆ ಮುಳುಗೋವರೆಗೂ ತಾಳ್ಮೆಯಿಂದ ಕಾಯಿರಿ. ನೀರು ಎಷ್ಟು ಅಲುಗುತ್ತೆ ಅಂತ ನೀವೇ ನೋಡಿ ಕಾಮೆಂಟಲ್ಲಿ ಹೇಳಿ.